ಮೂತ್ರದ ಸೋಂಕಿಗೆ ವಿದ್ಯುತ್ತಿನ ಪರೀಕ್ಷೆ

ಮನೆಯಲ್ಲಿ ಎಲ್ಲರ ಮುಂದೆ ಬಾಯಿಬಿಟ್ಟು ಹೇಳಿಕೊಳ್ಳದ ಒಂದು ಕಾಯಿಲೆಯಿಂದ ಮಾತು ಶುರುಮಾಡುತ್ತೇನೆ. ಉರಿಮೂತ್ರ. ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಆಯುಷ್ಯದಲ್ಲಿ ಒಮ್ಮೆಯಾದರೂ ಬರುವಂಥದ್ದು. ಬಂದಾಗ ನಮ್ಮಲ್ಲಿ ಮೊದಲು ಬರುವ ಮಾತು ‘ಉಷ್ಣ ಆಗಿದೆ’ ಅಂತ. ಎಳನೀರು, ಜೀರಿಗೆ ನೀರು, ಬಾರ್ಲಿ ಗಂಜಿ ಕುಡಿದು ಎರಡು ದಿನ ನೋಡುತ್ತಾರೆ. ನೀರಿನಂಶ ಹೆಚ್ಚು ಹೋದರೆ ಒಳ್ಳೆಯದೇ. ಆದರೆ ಉರಿಯ ಹಿಂದೆ ಸೋಂಕು ಇದ್ದರೆ, ಎಳನೀರನ್ನೇ ನಂಬಿ ಕೂರುವಂತಿಲ್ಲ. ಚಳಿಜ್ವರ ಬಂತು, ಪಕ್ಕೆ ಅಥವಾ ಬೆನ್ನಿನ ಒಂದು ಬದಿ ನೋಯುತ್ತಿದೆ, ವಾಂತಿಯಾಗುತ್ತಿದೆ ಎಂದರೆ ಸೋಂಕು ಮೂತ್ರಕೋಶ ದಾಟಿ ಮೂತ್ರಪಿಂಡಕ್ಕೆ ಏರಿರಬಹುದು. ಅಲ್ಲಿಗೆ ಮನೆಮದ್ದಿನ ಕಾಲ ಮುಗಿಯಿತು.

ಹೆಂಗಸರಿಗೇ ಯಾಕೆ ಹೆಚ್ಚು ಅಂದರೆ, ಅವರ ಮೂತ್ರನಾಳ ಸುಮಾರು ನಾಲ್ಕು ಸೆಂಟಿಮೀಟರ್ ಉದ್ದ, ಅಷ್ಟೇ. ಕರುಳಿನಲ್ಲಿ ತನ್ನ ಪಾಡಿಗೆ ತಾನಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಕ್ಕೆ ಅದು ದೂರದ ದಾರಿಯಲ್ಲ. ಸಾಮಾನ್ಯ ಮೂತ್ರಸೋಂಕುಗಳಲ್ಲಿ ಮುಕ್ಕಾಲು ಪಾಲಿಗೆ ಇದೊಂದೇ ಕಾರಣ. ಉಳಿದದ್ದಕ್ಕೆ ಕ್ಲೆಬ್ಸಿಯೆಲ್ಲಾ, ಪ್ರೋಟಿಯಸ್, ಎಂಟೆರೋಕಾಕಸ್ ಮೊದಲಾದವು. ದೇಹರಚನೆಯ ಜೊತೆಗೆ ನಮ್ಮ ಊರುಗಳ ಸ್ಥಿತಿಯೂ ಸೇರುತ್ತದೆ. ಕೆಲಸದ ಜಾಗದಲ್ಲಿ ಶೌಚಾಲಯ ಸರಿಯಿಲ್ಲ, ಇದ್ದರೂ ಹೋಗಲು ಬಿಡುವು ಕೊಡುವುದಿಲ್ಲ ಎಂದು ಬೆಳಗಿನಿಂದ ನೀರನ್ನೇ ಕುಡಿಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಕಳೆ ಕೀಳಲು ಹೋದವರು, ಸಂಜೆ ಮನೆಗೆ ಬರುವವರೆಗೆ ತಡೆದುಕೊಂಡೇ ಕೂರುವ ಶಾಲೆಯ ಹುಡುಗಿಯರು ಇದಕ್ಕೆ ಬೆಲೆ ತೆರುತ್ತಾರೆ. ಅದನ್ನು ಯಾವ ಯಂತ್ರವೂ ಸರಿಮಾಡಲಾರದು. ನಾನು ಇವತ್ತು ಹೇಳಹೊರಟಿರುವುದು ಅದರ ಮುಂದಿನ ಹಂತದ ಬಗ್ಗೆ, ಅಂದರೆ ಅವರು ಆಸ್ಪತ್ರೆಗೆ ಬಂದ ಮೇಲೆ ಏನಾಗುತ್ತದೆ ಎಂಬುದರ ಬಗ್ಗೆ.

ಲ್ಯಾಬಿನ ಕಿಟಕಿಯಲ್ಲಿ ಮೂತ್ರದ ಡಬ್ಬಿ ಕೊಟ್ಟು, “ರಿಪೋರ್ಟು ಯಾವಾಗ ಸಿಗುತ್ತೆ ಸರ್?” ಎಂದು ಕೇಳಿದರೆ ಬರುವ ಉತ್ತರ ನಿಮಗೆ ಗೊತ್ತಿದೆ. “ಯೂರಿನ್ ರೂಟೀನ್ ಮಧ್ಯಾಹ್ನ ಬರುತ್ತಮ್ಮ. ಕಲ್ಚರ್ ಬೇಕಂದ್ರೆ ನಾಡಿದ್ದು ಬನ್ನಿ.”

ಕಲ್ಚರಿಗೆ ಎರಡು ದಿನ ಯಾಕೆ ಹಿಡಿಯುತ್ತದೆ ನೋಡೋಣ. ತುದಿಯಲ್ಲಿ ಪುಟ್ಟ ಉಂಗುರವಿರುವ ಒಂದು ತಂತಿ. ಆ ಉಂಗುರದಲ್ಲಿ ನಿಲ್ಲುವ ಮೂತ್ರ ಒಂದು ಮೈಕ್ರೋಲೀಟರ್, ಅಂದರೆ ಒಂದು ಮಿಲಿಲೀಟರಿನ ಸಾವಿರದಲ್ಲೊಂದು ಪಾಲು. ಅದನ್ನು ಅಗರ್ ತಟ್ಟೆಯ ಮೇಲೆ ನಯವಾಗಿ ಗೀರಿ, ಮೈಬಿಸಿಯಷ್ಟೇ ಬಿಸಿ ಇರುವ ಪೆಟ್ಟಿಗೆಯೊಳಗೆ ರಾತ್ರಿಯಿಡೀ ಇಡುತ್ತಾರೆ. ಉಂಗುರದಲ್ಲಿ ಬಂದ ಒಂದೊಂದು ಬ್ಯಾಕ್ಟೀರಿಯವೂ ಬಿದ್ದಲ್ಲೇ ಎರಡಾಗಿ, ನಾಲ್ಕಾಗಿ, ಬೆಳಗಾಗುವಷ್ಟರಲ್ಲಿ ಕಣ್ಣಿಗೆ ಕಾಣುವ ಒಂದು ಚುಕ್ಕೆಯಾಗುತ್ತದೆ. ಮ್ಯಾಕಾಂಕಿ ಎಂಬ ಅಗರಿನ ಮೇಲಾದರೆ ಇ. ಕೋಲಿಯದು ಗುಲಾಬಿ ಚುಕ್ಕೆ. ತಂತ್ರಜ್ಞರು ಅವನ್ನು ಎಣಿಸುತ್ತಾರೆ. ನೂರು ಚುಕ್ಕೆ ಇದ್ದರೆ ಒಂದು ಮಿಲಿಲೀಟರ್ ಮೂತ್ರದಲ್ಲಿ ಒಂದು ಲಕ್ಷ ಬ್ಯಾಕ್ಟೀರಿಯ ಎಂದು ಲೆಕ್ಕ. ಈ ಒಂದು ಲಕ್ಷದ ಗಡಿಯನ್ನು 1956ರಲ್ಲಿ ಮುಂದಿಟ್ಟವರು ಬಾಸ್ಟನ್ನಿನ ವೈದ್ಯ ಎಡ್ವರ್ಡ್ ಕ್ಯಾಸ್. ಉರಿ ಇರುವ ಹೆಂಗಸರಲ್ಲಿ ಅದಕ್ಕಿಂತ ತೀರ ಕಡಿಮೆ ಸಂಖ್ಯೆ ಇದ್ದರೂ ಅದು ಸೋಂಕೇ ಆಗಿರಬಹುದು ಎಂದು ಆಮೇಲೆ ತಿಳಿದುಬಂತು. ಆದರೂ ಇವತ್ತಿಗೂ ಎಷ್ಟೋ ರಿಪೋರ್ಟುಗಳ ಹಿಂದೆ ಇರುವುದು ಕ್ಯಾಸ್ ಅವರ ಗಡಿಯೇ.

ಇಷ್ಟಕ್ಕೆ ಮುಗಿಯಲಿಲ್ಲ. ಬೆಳೆದ ಬ್ಯಾಕ್ಟೀರಿಯವನ್ನು ಎತ್ತಿಕೊಂಡು ಇನ್ನೊಂದು ತಟ್ಟೆಗೆ ಹರಡಿ, ಬೇರೆ ಬೇರೆ ಆಂಟಿಬಯೋಟಿಕ್ ಸವರಿದ ಕಾಗದದ ಬಿಲ್ಲೆಗಳನ್ನು ಅದರ ಮೇಲೆ ಇಟ್ಟು, ಮತ್ತೊಂದು ರಾತ್ರಿ ಕಾಯಬೇಕು. ಯಾವ ಬಿಲ್ಲೆಯ ಸುತ್ತ ಬೆಳೆ ಬರದೆ ಬಯಲಾಗಿದೆಯೋ ಆ ಔಷಧ ಕೆಲಸ ಮಾಡುತ್ತದೆ. ಇದು ನಂಬಬಹುದಾದ ವಿಧಾನ. ಇದನ್ನು ಕಿತ್ತುಹಾಕಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಜೀವಿ ಬೆಳೆಯುವ ವೇಗಕ್ಕಿಂತ ಬೇಗ ಉತ್ತರ ಕೊಡಲು ಇದಕ್ಕೆ ಆಗುವುದಿಲ್ಲ.

ಹಾಗಾದರೆ ಮಧ್ಯಾಹ್ನವೇ ಬರುವ ರಿಪೋರ್ಟು? ಅಲ್ಲಿ ಬಣ್ಣ ಬದಲಾಗುವ ಪಟ್ಟಿ ಇದೆ, ಸೂಕ್ಷ್ಮದರ್ಶಕದಲ್ಲಿ ಎಣಿಸುವ ಕೀವುಕಣಗಳಿವೆ. ಪಟ್ಟಿಯ ಒಂದು ಚೌಕ ನೈಟ್ರೈಟನ್ನು ಹುಡುಕುತ್ತದೆ. ಮೂತ್ರದಲ್ಲಿ ಸಹಜವಾಗಿ ಇರುವ ನೈಟ್ರೇಟನ್ನು ಇ. ಕೋಲಿಯಂಥವು ನೈಟ್ರೈಟ್ ಮಾಡುತ್ತವೆ. ಅದನ್ನು ಬಣ್ಣವಾಗಿ ತೋರಿಸುವ ರಾಸಾಯನಿಕ ಕ್ರಿಯೆ ಪೀಟರ್ ಗ್ರೀಸ್ ಎಂಬ ರಸಾಯನಶಾಸ್ತ್ರಜ್ಞರು 1879ರಲ್ಲಿ ಬರೆದಿಟ್ಟದ್ದು. ಅಂದರೆ ನಾವು ಇನ್ನೂ ಬಳಸುತ್ತಿರುವುದು ನೂರನಲವತ್ತು ವರ್ಷಕ್ಕೂ ಹಿಂದಿನ ಜಾಣ್ಮೆ. ಅದರ ಮಿತಿಗಳನ್ನೂ ಹೇಳಬೇಕು. ಮೂತ್ರಕೋಶದಲ್ಲಿ ಮೂತ್ರ ನಾಲ್ಕು ಗಂಟೆಯಾದರೂ ನಿಂತಿರಬೇಕು. ಆದರೆ ಸೋಂಕಾದವರಿಗೆ ಅರ್ಧ ಗಂಟೆಗೊಮ್ಮೆ ಅವಸರ. ಎಂಟೆರೋಕಾಕಸ್ ನೈಟ್ರೈಟ್ ಮಾಡುವುದೇ ಇಲ್ಲ. ವಿಟಮಿನ್ ಸಿ ಮಾತ್ರೆ ಹೆಚ್ಚಾಗಿ ನುಂಗಿದ್ದರೆ ಬಣ್ಣ ಬಾರದೆಯೂ ಹೋಗಬಹುದು. ಇನ್ನೊಂದು ಚೌಕ ಬಿಳಿ ರಕ್ತಕಣಗಳಲ್ಲಿರುವ ಎಸ್ಟರೇಸ್ ಎಂಬ ಕಿಣ್ವವನ್ನು ಹುಡುಕುತ್ತದೆ. ಅದು ಉರಿಯೂತ ಇದೆ ಎನ್ನುತ್ತದೆ, ಯಾತರಿಂದ ಎನ್ನುವುದಿಲ್ಲ. ಎರಡೂ ಚೌಕಗಳ ಬಣ್ಣವನ್ನು ಟ್ಯೂಬ್‌ಲೈಟಿನ ಬೆಳಕಿನಲ್ಲಿ ಒಬ್ಬರು ತಿಳಿ ಎಂದರೆ ಇನ್ನೊಬ್ಬರು ಗಾಢ ಎನ್ನುತ್ತಾರೆ.

ಈಗ ವೈದ್ಯರ ಜಾಗದಲ್ಲಿ ನಿಂತು ನೋಡಿ. ಎದುರಿಗೆ ನೋವಿನಲ್ಲಿರುವ ಹೆಂಗಸು. ದಿನಗೂಲಿ ಬಿಟ್ಟು ಬಂದಿದ್ದಾಳೆ, ನಾಡಿದ್ದು ಮತ್ತೆ ಬರುತ್ತಾಳೆಂಬ ಖಾತ್ರಿಯಿಲ್ಲ. ಅವರು ಅಂದಾಜಿನ ಮೇಲೆ ಒಂದು ಆಂಟಿಬಯೋಟಿಕ್ ಬರೆಯುತ್ತಾರೆ. ಬೇರೆ ದಾರಿ ಇಲ್ಲ. ಅಂದಾಜು ತಪ್ಪಿದರೆ ಎರಡು ನಷ್ಟ. ಆಕೆಯ ಸೋಂಕು ವಾಸಿಯಾಗುವುದಿಲ್ಲ. ಜೊತೆಗೆ ಆಕೆಯ ಕರುಳಿನಲ್ಲಿರುವ ಬ್ಯಾಕ್ಟೀರಿಯಗಳಲ್ಲಿ ಆ ಔಷಧಕ್ಕೆ ಜಗ್ಗದವು ಮಾತ್ರ ಉಳಿದು ಹೆಚ್ಚುತ್ತವೆ. ಭಾರತದಲ್ಲಿ ಇ. ಕೋಲಿ ಹಲವು ಸೆಫಲೋಸ್ಪೋರಿನ್‌ಗಳಿಗೂ ಸಿಪ್ರೋಫ್ಲಾಕ್ಸಸಿನ್ ಗುಂಪಿನ ಔಷಧಗಳಿಗೂ ದೊಡ್ಡ ಪ್ರಮಾಣದಲ್ಲಿ ಜಗ್ಗದಂತಾಗಿರುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವರದಿಗಳು ಮತ್ತೆ ಮತ್ತೆ ತೋರಿಸಿವೆ. ಇಡೀ ಜಗತ್ತಿನಲ್ಲಿ 2019ರ ಒಂದೇ ವರ್ಷದಲ್ಲಿ ಹೀಗೆ ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಗಳಿಂದಲೇ ಸತ್ತವರು ಸುಮಾರು 12 ಲಕ್ಷ 70 ಸಾವಿರ ಮಂದಿ ಎಂದು ಅಂದಾಜಿದೆ. ಆ ಸಂಖ್ಯೆಯ ಬೇರು ಎಷ್ಟೋ ಕಡೆ ಇರುವುದು ಇಂಥ ಸಣ್ಣ ಕೋಣೆಗಳಲ್ಲಿ, ರಿಪೋರ್ಟು ಬರುವ ಮುಂಚೆ ಬರೆದ ಚೀಟಿಗಳಲ್ಲಿ. ಔಷಧದ ಚೀಟಿ ಬರೆಯುವ ಮೊದಲೇ ಉತ್ತರ ಕೈಗೆ ಬರಬೇಕು ಎಂಬ ಒಂದೇ ಆಸೆ ವಿದ್ಯುತ್ತಿನ ಜೈವಿಕ ಸಂವೇದಕಗಳ ಹಿಂದೆ ಇದೆ.

ಹೆಸರು ಕೇಳಿ ಗಾಬರಿಯಾಗಬೇಡಿ. ಅಂಥದ್ದೊಂದು ಈಗಾಗಲೇ ನಮ್ಮ ಮನೆಗಳಲ್ಲಿದೆ. ಸಕ್ಕರೆ ಕಾಯಿಲೆಯವರು ಬೆರಳಿಗೆ ಚುಚ್ಚಿಕೊಂಡು ನೋಡುವ ಗ್ಲೂಕೋಮೀಟರಿನ ಪಟ್ಟಿ. ಅದನ್ನು ಬೆಳಕಿಗೆ ಹಿಡಿದು ನೋಡಿದರೆ ಉದ್ದಕ್ಕೂ ಎರಡು ಮೂರು ಗೆರೆಗಳು ಕಾಣುತ್ತವೆ. ಇಂಗಾಲದ ಅಥವಾ ಲೋಹದ ತೆಳು ಗೆರೆಗಳು, ಅವೇ ಎಲೆಕ್ಟ್ರೋಡ್‌ಗಳು. ತುದಿಯಲ್ಲಿ ರಕ್ತ ಹೀರುವ ಕಡೆ ಕಿಣ್ವವೊಂದನ್ನು ಒಣಗಿಸಿಟ್ಟಿರುತ್ತಾರೆ. ಅದು ಗ್ಲೂಕೋಸಿನಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತುಕೊಳ್ಳುತ್ತದೆ. ಆ ಎಲೆಕ್ಟ್ರಾನ್‌ಗಳು ಗೆರೆಗೆ ಹರಿದು ಬಂದು ವಿದ್ಯುತ್ತಾಗುತ್ತವೆ. ಸಕ್ಕರೆ ಹೆಚ್ಚಿದ್ದಷ್ಟೂ ವಿದ್ಯುತ್ತು ಹೆಚ್ಚು. ಎಲೆಕ್ಟ್ರೋಡಿನ ಮೇಲೆ ಕಿಣ್ವ ಕೂರಿಸುವ ಈ ಯೋಚನೆಯನ್ನು 1962ರಲ್ಲಿ ಪ್ರಕಟಿಸಿದವರು ಅಮೆರಿಕದ ಲೇಲಂಡ್ ಕ್ಲಾರ್ಕ್. ಶಸ್ತ್ರಚಿಕಿತ್ಸೆಯ ವೇಳೆ ರಕ್ತದ ಆಮ್ಲಜನಕ ಅಳೆಯಲು ಎಲೆಕ್ಟ್ರೋಡ್ ಮಾಡಿದವರೂ ಅವರೇ. ಜೇಬಿನಲ್ಲಿ ಇಟ್ಟುಕೊಳ್ಳುವ ಪೆನ್ನಿನಷ್ಟು ಮೀಟರು ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ಅಲ್ಲಿಗೆ ಇಪ್ಪತ್ತೈದು ವರ್ಷ ಕಳೆದಿತ್ತು. ಈ ಕಾಲಾವಧಿಯನ್ನು ನೆನಪಿನಲ್ಲಿಡಿ. ಪ್ರಯೋಗಾಲಯದಿಂದ ಮನೆಯ ಕಪಾಟಿಗೆ ಬರುವ ದಾರಿ ಎಂದೂ ಚಿಕ್ಕದಲ್ಲ.

ವಿದ್ಯುತ್ತಿನಿಂದ ಬ್ಯಾಕ್ಟೀರಿಯ ಹಿಡಿಯುವ ಯೋಚನೆ ಇನ್ನೂ ಹಳೆಯದು. 1899ರಲ್ಲಿ ಜಿ. ಎನ್. ಸ್ಟೀವರ್ಟ್ ಎಂಬ ಶರೀರಶಾಸ್ತ್ರಜ್ಞರು ಬ್ಯಾಕ್ಟೀರಿಯ ಬೆಳೆಯುತ್ತಿರುವ ದ್ರವದಲ್ಲಿ ವಿದ್ಯುತ್ತು ಹರಿಯುವ ಬಗೆ ಬದಲಾಗುವುದನ್ನು ಅಳೆದು ತೋರಿಸಿದರು. ಕಾರಣ ಸರಳ. ಬ್ಯಾಕ್ಟೀರಿಯ ದೊಡ್ಡ ಅಣುಗಳನ್ನು ತಿಂದು ಚಿಕ್ಕ ಚಿಕ್ಕ, ವಿದ್ಯುದಂಶ ಹೊತ್ತ ಅಣುಗಳನ್ನು ಹೊರಹಾಕುತ್ತದೆ, ದ್ರವ ಇನ್ನಷ್ಟು ವಿದ್ಯುದ್ವಾಹಕವಾಗುತ್ತದೆ.

ಇಂದಿನ ಸಂಶೋಧಕರು ಮೂತ್ರದಲ್ಲಿ ಹುಡುಕುವ ಗುರುತುಗಳು ಬಗೆಬಗೆಯವು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬ್ಯಾಕ್ಟೀರಿಯದ ರೈಬೋಸೋಮನ್ನೇ ಹಿಡಿಯುವ ಉಪಾಯ. ಲಾಸ್ ಏಂಜಲೀಸಿನಲ್ಲಿ ಜೋಸೆಫ್ ಲಿಯಾವೊ, ಡೇವಿಡ್ ಹಾಕೆ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಕೆಲಸ ಇದು. ಪ್ರತಿ ಬ್ಯಾಕ್ಟೀರಿಯದೊಳಗೂ ಪ್ರೋಟೀನು ತಯಾರಿಸುವ ರೈಬೋಸೋಮುಗಳು ಸಾವಿರಾರು ಇರುತ್ತವೆ. ಪ್ರತಿ ರೈಬೋಸೋಮಿನಲ್ಲೂ ಒಂದು ಆರ್‌ಎನ್‌ಎ ಎಳೆ ಇದ್ದು, ಅದರ ಕೆಲವು ಭಾಗಗಳು ಇ. ಕೋಲಿಗೆ ಒಂದು ಥರ, ಪ್ರೋಟಿಯಸ್‌ಗೆ ಇನ್ನೊಂದು ಥರ. ಒಂದು ಜೀವಿ ಸಿಕ್ಕರೆ ಸಾವಿರಾರು ಗುರುತು ಸಿಕ್ಕಂತೆ. ಹಾಗಾಗಿ ಪಿಸಿಆರ್ ಯಂತ್ರದಲ್ಲಿ ಇಟ್ಟು ಹೆಚ್ಚಿಸಿಕೊಳ್ಳುವ ಗೋಜಿಲ್ಲ. ಅವರು ಮಾಡಿದ್ದು ಇಷ್ಟು. ಒಂದು ಚಿಪ್ಪಿನ ಮೇಲೆ ಚಿನ್ನದ ಹದಿನಾರು ಪುಟ್ಟ ಸಂವೇದಕಗಳು. ಬೇರೆ ಬೇರೆ ಬ್ಯಾಕ್ಟೀರಿಯದ ಆರ್‌ಎನ್‌ಎಗೆ ಹೊಂದುವ ಡಿಎನ್‌ಎ ತುಣುಕುಗಳನ್ನು ಅವುಗಳ ಮೇಲೆ ಕೂರಿಸಿದರು. ಮೂತ್ರದಲ್ಲಿನ ಬ್ಯಾಕ್ಟೀರಿಯವನ್ನು ಒಡೆದು ಅದರ ರಸವನ್ನು ಮೇಲೆ ಹಾಕಿದಾಗ, ಹೊಂದುವ ಎಳೆ ಹೊಂದುವ ಕಡೆ ಅಂಟಿಕೊಂಡಿತು. ಅಂಟಿದ ಎಳೆಗೆ ಇನ್ನೊಂದು ತುದಿಯಲ್ಲಿ ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ಕಟ್ಟಿದರು. ಈ ಕಿಣ್ವವನ್ನು ತೆಗೆಯುವುದು ಸಾಸಿವೆ, ಮೂಲಂಗಿಗಳ ಕುಲಕ್ಕೆ ಸೇರಿದ ಹಾರ್ಸ್‌ರ‍್ಯಾಡಿಷ್ ಎಂಬ ಗಿಡದ ಬೇರಿನಿಂದ. ಕಿಣ್ವ ಕೆಲಸ ಮಾಡಿದ ಕಡೆಯೆಲ್ಲ ಚಿನ್ನಕ್ಕೆ ವಿದ್ಯುತ್ತು ಹರಿಯಿತು. ಯಾವ ಸಂವೇದಕದಲ್ಲಿ ವಿದ್ಯುತ್ತು ಏರಿತೋ ಆ ಬ್ಯಾಕ್ಟೀರಿಯ ಇದೆ ಎಂದರ್ಥ. ಮೂತ್ರದಿಂದ ಉತ್ತರದವರೆಗೆ 45 ನಿಮಿಷ.

ಕೆಲವು ಬ್ಯಾಕ್ಟೀರಿಯಗಳು ತಮ್ಮ ಗುರುತನ್ನು ತಾವೇ ಬಿಟ್ಟುಕೊಡುತ್ತವೆ. ಸೂಡೋಮೊನಾಸ್ ಎಂಬುದು ಆಸ್ಪತ್ರೆಯಲ್ಲಿ ಮೂತ್ರದ ನಳಿಕೆ ಹಾಕಿಸಿಕೊಂಡವರನ್ನು ಕಾಡುವಂಥದ್ದು. ಅದು ಪಯೋಸಯನಿನ್ ಎಂಬ ನೀಲಿಹಸಿರು ಬಣ್ಣವನ್ನು ಸ್ರವಿಸುತ್ತದೆ. ಆ ಬಣ್ಣಕ್ಕೆ ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುವ ಗುಣ ಹುಟ್ಟಿನಿಂದಲೇ ಇದೆ. ಹಾಗಾಗಿ ಬರಿಯ ಇಂಗಾಲದ ಎಲೆಕ್ಟ್ರೋಡ್ ಕೂಡ, ಪ್ರತಿಕಾಯವಾಗಲೀ ಕಿಣ್ವವಾಗಲೀ ಇಲ್ಲದೆ, ಅದನ್ನು ಗುರುತಿಸಬಲ್ಲದು. ಇ. ಕೋಲಿಯಲ್ಲಿ ಗ್ಲುಕುರೋನಿಡೇಸ್ ಎಂಬ ಕಿಣ್ವವಿದೆ. ಅದಕ್ಕೆ ಬೇಕಾದ ವಸ್ತುವನ್ನು ಮೂತ್ರಕ್ಕೆ ಬೆರೆಸಿದರೆ ಅದನ್ನು ಕತ್ತರಿಸಿ, ವಿದ್ಯುತ್ತಿಗೆ ಸ್ಪಂದಿಸುವ ತುಣುಕನ್ನು ಬಿಡುಗಡೆ ಮಾಡುತ್ತದೆ. ಪ್ರೋಟಿಯಸ್ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಮೂತ್ರ ಕ್ಷಾರೀಯವಾಗಿ ಅದರ ವಿದ್ಯುದ್ವಾಹಕತೆಯೂ ಬದಲಾಗುತ್ತದೆ. ಮೂತ್ರದಲ್ಲಿ ಒಂದು ಬಗೆಯ ಕಲ್ಲು ಕಟ್ಟುವುದಕ್ಕೂ ಇದೇ ಮೂಲ.

ಇನ್ನು ನಮ್ಮ ದೇಹವೇ ಹೊರಹಾಕುವ ಗುರುತುಗಳು. ಮೂತ್ರಕೋಶದ ಗೋಡೆಗೆ ಬ್ಯಾಕ್ಟೀರಿಯ ಅಂಟಿದ ಕೂಡಲೇ ಜೀವಕೋಶಗಳು ಇಂಟರ್‌ಲ್ಯೂಕಿನ್-8 ಎಂಬ ಸಂದೇಶದ ಪ್ರೋಟೀನನ್ನು ಬಿಡುತ್ತವೆ. ಬಿಳಿ ರಕ್ತಕಣಗಳು ಅದರ ಜಾಡು ಹಿಡಿದು ಬರುತ್ತವೆ. ಬಂದವು ಲ್ಯಾಕ್ಟೋಫೆರಿನ್, ಲಿಪೋಕ್ಯಾಲಿನ್ ಎಂಬ ಪ್ರೋಟೀನುಗಳನ್ನು ಸುರಿಯುತ್ತವೆ. ವೈದ್ಯರು ಎನ್-ಗ್ಯಾಲ್ ಎಂದು ಕರೆಯುವುದು ಈ ಎರಡನೆಯದನ್ನೇ. ಅದರ ಕೆಲಸ ವಿಸ್ಮಯ ಹುಟ್ಟಿಸುತ್ತದೆ. ಬ್ಯಾಕ್ಟೀರಿಯಕ್ಕೆ ಬೆಳೆಯಲು ಕಬ್ಬಿಣ ಬೇಕು. ಕಬ್ಬಿಣ ಹಿಡಿದು ತರಲು ಅದು ಒಂದು ಪುಟ್ಟ ಅಣುವನ್ನು ಹೊರಗೆ ಕಳಿಸುತ್ತದೆ. ಎನ್-ಗ್ಯಾಲ್ ಆ ಅಣುವನ್ನೇ ದಾರಿಯಲ್ಲಿ ಹಿಡಿದು ಇಟ್ಟುಕೊಂಡು ಬ್ಯಾಕ್ಟೀರಿಯವನ್ನು ಕಬ್ಬಿಣಕ್ಕಾಗಿ ಹಸಿಯುವಂತೆ ಮಾಡುತ್ತದೆ. ಮೂತ್ರದಲ್ಲಿ ಅದರ ಪ್ರಮಾಣ ಏರಿದೆ ಎಂದರೆ ಒಳಗೆ ಹೋರಾಟ ನಡೆದಿದೆ. ಆದರೆ ಮೂತ್ರಪಿಂಡಕ್ಕೆ ಬೇರೆ ಕಾರಣದಿಂದ ಪೆಟ್ಟಾದಾಗಲೂ ಇದು ಏರುವುದರಿಂದ ಇದೊಂದನ್ನೇ ನೋಡಿ ತೀರ್ಮಾನಿಸುವಂತಿಲ್ಲ.

ಇಂಥ ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಅಳೆಯುವುದು ಹೇಗೆ? ಎಲೆಕ್ಟ್ರೋಡಿನ ಮೇಲೆ ಆ ಪ್ರೋಟೀನನ್ನು ಮಾತ್ರ ಹಿಡಿಯುವ ಪ್ರತಿಕಾಯಗಳನ್ನು ಒತ್ತಾಗಿ ನಿಲ್ಲಿಸುತ್ತಾರೆ. ಎಲೆಕ್ಟ್ರಾನ್ ಸಾಗಿಸುವ ಲವಣವೊಂದನ್ನು ದ್ರವದಲ್ಲಿ ಕರಗಿಸಿರುತ್ತಾರೆ. ಹತ್ತು ಮಿಲಿವೋಲ್ಟಿನಷ್ಟು ಸಣ್ಣ, ಹಿಂದೆ ಮುಂದೆ ಆಡುವ ವಿದ್ಯುತ್ತನ್ನು ಕೊಟ್ಟು, ಎಲೆಕ್ಟ್ರಾನ್ ದಾಟುವುದಕ್ಕೆ ಎಷ್ಟು ತಡೆ ಇದೆ ಎಂದು ನೋಡುತ್ತಾರೆ. ಪ್ರತಿಕಾಯಗಳು ಪ್ರೋಟೀನನ್ನು ಹಿಡಿದಂತೆಲ್ಲ ಪದರ ದಪ್ಪವಾಗುತ್ತದೆ, ತಡೆ ಹೆಚ್ಚುತ್ತದೆ. ಆ ಹೆಚ್ಚಳವೇ ಉತ್ತರ. ಇಂಪೀಡೆನ್ಸ್ ವಿಧಾನ ಎನ್ನುವುದು ಇದನ್ನೇ.

ಇಷ್ಟೆಲ್ಲ ಗೊತ್ತಿದ್ದೂ ಗ್ಲೂಕೋಮೀಟರಿನ ಹಾಗೆ ಇದು ಇನ್ನೂ ಯಾಕೆ ಔಷಧದ ಅಂಗಡಿಗೆ ಬಂದಿಲ್ಲ? ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಸುದ್ದಿಯಾಗುವ ಸಂಶೋಧನೆಗಳಲ್ಲಿ ಈ ಭಾಗ ಹೆಚ್ಚಾಗಿ ಬಿಟ್ಟುಹೋಗಿರುತ್ತದೆ.

ತೊಡಕಿರುವುದು ಮೂತ್ರದಲ್ಲೇ. ರಕ್ತದ ಉಪ್ಪು, ಆಮ್ಲಗುಣಗಳನ್ನು ದೇಹ ಬಿಗಿಯಾಗಿ ಕಾಯ್ದುಕೊಳ್ಳುತ್ತದೆ. ಹೆಚ್ಚಾದದ್ದನ್ನೆಲ್ಲ ಹೊರಹಾಕುವುದೇ ಮೂತ್ರದ ಕೆಲಸ. ಹಾಗಾಗಿ ಅದರಲ್ಲಿ ಯಾವುದೂ ಸ್ಥಿರವಿಲ್ಲ. ಪಿಎಚ್ 4.5ರಿಂದ 8ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಉಪ್ಪಿನಂಶ ಬೆಳಿಗ್ಗೆಗೊಂದು, ಸಂಜೆಗೊಂದು. ಉಪ್ಪಿನ ಅಯಾನುಗಳು ಯಾವುದೇ ವಿದ್ಯುದಂಶವನ್ನು ಕೂಡಲೇ ಮುತ್ತಿಕೊಂಡು ಮುಚ್ಚಿಬಿಡುತ್ತವೆ. ಮೂತ್ರದಂಥ ಉಪ್ಪುದ್ರವದಲ್ಲಿ ಒಂದು ಅಣುವಿನ ವಿದ್ಯುತ್ ಪ್ರಭಾವ ಒಂದು ನ್ಯಾನೋಮೀಟರಿಗಿಂತ ಆಚೆ ತಲುಪುವುದಿಲ್ಲ. ಪ್ರತಿಕಾಯವೇ ಹತ್ತು ನ್ಯಾನೋಮೀಟರಿನಷ್ಟು ಎತ್ತರ. ಅದರ ತುದಿಗೆ ಬಂದು ಸೇರಿದ ಪ್ರೋಟೀನು, ಜಾತ್ರೆಯ ಗದ್ದಲದಲ್ಲಿ ಮಾರುದೂರದಿಂದ ಕೂಗಿದವರಂತೆ. ಮಾತು ಎಲೆಕ್ಟ್ರೋಡಿಗೆ ಕೇಳಿಸುವುದೇ ಇಲ್ಲ. ಟ್ರಾನ್ಸಿಸ್ಟರಿನ ಮೇಲೆ ನೇರವಾಗಿ ಪ್ರತಿಕಾಯ ಕೂರಿಸುವ ಸಂವೇದಕಗಳು ತಿಳಿ ದ್ರಾವಣದಲ್ಲಿ ಸೊಗಸಾಗಿ ನಡೆದು ಮೂತ್ರದಲ್ಲಿ ಸೋಲುವುದು ಇದರಿಂದಲೇ. ಮೂತ್ರವನ್ನು ತೆಳುಮಾಡಿ ನೋಡಬಹುದು. ಆಗ ಹುಡುಕುವ ಗುರುತೂ ತೆಳುವಾಗುತ್ತದೆ.

ಇನ್ನೊಂದು ಕಾಟ ಯೂರಿಕ್ ಆಮ್ಲದ್ದು. ಎಲ್ಲರ ಮೂತ್ರದಲ್ಲೂ ಧಾರಾಳವಾಗಿರುವ ಅದು ಎಲೆಕ್ಟ್ರೋಡಿಗೆ ತಾನೇ ಎಲೆಕ್ಟ್ರಾನ್ ಕೊಡುತ್ತದೆ. ವಿಟಮಿನ್ ಸಿ ಕೂಡ ಹಾಗೇ. ಜ್ವರಕ್ಕೆಂದು ಪ್ಯಾರಾಸಿಟಮಾಲ್ ನುಂಗಿ ಬಂದಿದ್ದರೆ ಅದೂ ಸೇರಿಕೊಳ್ಳುತ್ತದೆ. ಯಾವ ವೋಲ್ಟೇಜಿನಲ್ಲಿ ಅಳೆದರೆ ಇವು ಮೌನವಾಗಿರುತ್ತವೆ, ನಮಗೆ ಬೇಕಾದದ್ದು ಮಾತ್ರ ಮಾತಾಡುತ್ತದೆ ಎಂದು ಹುಡುಕುವುದರಲ್ಲೇ ಎಷ್ಟೋ ಸಂಶೋಧಕರ ವರ್ಷಗಳು ಸಂದಿವೆ. ಜೊತೆಗೆ ಮೂತ್ರದಲ್ಲಿನ ಲೋಳೆ, ಪ್ರೋಟೀನು, ಉದುರಿದ ಜೀವಕೋಶಗಳು ಚಿನ್ನದ ಮೇಲೆ ಮೆತ್ತಿಕೊಂಡು ಹುಸಿ ಉತ್ತರ ಕೊಡಿಸುತ್ತವೆ. ಅದನ್ನು ತಡೆಯಲು ಗಂಧಕದ ಕಾಲಿರುವ ಅಣುಗಳನ್ನು ಚಿನ್ನದ ಖಾಲಿ ಜಾಗಗಳಲ್ಲೆಲ್ಲ ತುಂಬುತ್ತಾರೆ. ಗಂಧಕ ಚಿನ್ನವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮೂರು ಲೋಟ ನೀರು ಕುಡಿದು ಬಂದವರ ಮೂತ್ರಕ್ಕೂ ಬಿಸಿಲಲ್ಲಿ ದುಡಿದು ಬಂದವರ ಮೂತ್ರಕ್ಕೂ ಇರುವ ಗಾಢತೆಯ ವ್ಯತ್ಯಾಸವನ್ನು ಸರಿದೂಗಿಸಲು ಕ್ರಿಯಾಟಿನಿನ್ ಎಂಬುದನ್ನೂ ಜೊತೆಯಲ್ಲೇ ಅಳೆಯಬೇಕು. ಇಷ್ಟನ್ನೂ ಕೆಲವೇ ರೂಪಾಯಿಯ ಪಟ್ಟಿಯೊಂದರ ಮೇಲೆ ಮಾಡಬೇಕು.

ಮೂತ್ರದ ಪ್ರೋಟೀನನ್ನು ಎಲೆಕ್ಟ್ರೋಡಿನ ಮೇಲೆ ಅಳೆಯುವುದು ಆಗದ ಕೆಲಸವಲ್ಲ ಎಂಬುದಕ್ಕೆ ಸಾಕ್ಷಿ ಬೆಂಗಳೂರಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದ ಪ್ರಾಧ್ಯಾಪಕ ನವಕಾಂತ ಭಟ್ ಮತ್ತು ವಿನಯ್ ಕುಮಾರ್ ಅವರ ಕೆಲಸದಿಂದ ಹುಟ್ಟಿದ ಪಾಥ್‌ಶೋಧ್ ಎಂಬ ಕಂಪನಿ, ಕೈಯಲ್ಲಿ ಹಿಡಿಯುವ ಮೀಟರಿನಲ್ಲಿ ರಕ್ತದ ಹಲವು ಅಂಶಗಳ ಜೊತೆಗೆ ಮೂತ್ರದ ಆಲ್ಬುಮಿನನ್ನೂ ಅಳೆಯುವಂತೆ ಮಾಡಿದೆ. 2021ರಲ್ಲಿ ಅವರು ಇದೇ ವಿದ್ಯುತ್-ರಾಸಾಯನಿಕ ದಾರಿಯಲ್ಲಿ ಕೋವಿಡ್ ಪ್ರತಿಕಾಯಗಳ ಪರೀಕ್ಷೆಯನ್ನೂ ತಂದರು. ಆಲ್ಬುಮಿನ್ ಸೋಂಕಿನ ಗುರುತಲ್ಲ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೋರಲು ಶುರುವಾಗಿದೆಯೇ ಎಂದು ಹೇಳುವ ಗುರುತು. ಆದರೂ ಉಪ್ಪು, ಯೂರಿಕ್ ಆಮ್ಲಗಳ ನಡುವೆ ಒಂದು ಪ್ರೋಟೀನಿನ ಲೆಕ್ಕ ಸರಿಯಾಗಿ ಹಿಡಿಯುವ ವಿದ್ಯೆ ನಮ್ಮೂರಿನಲ್ಲೇ ಕೈಗೆ ಬಂದಿದೆ ಎಂಬುದು ದೊಡ್ಡ ಮಾತು.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಡಯಪರಿನೊಳಗೆ ಕೂರುವ ಒಂದು ಪುಟ್ಟ ಸಾಧನ ಮಾಡಿದ್ದಾರೆ. ಅದರ ಬ್ಯಾಟರಿ ಒಣಗಿಯೇ ಇರುತ್ತದೆ. ಮೂತ್ರ ತಾಗಿದಾಗ ಅದೇ ಬ್ಯಾಟರಿಯ ದ್ರವವಾಗಿ ವಿದ್ಯುತ್ತು ಹುಟ್ಟಿ, ನೈಟ್ರೈಟ್ ಇದೆಯೇ ಎಂದು ನೋಡಿ ಫೋನಿಗೆ ತಿಳಿಸುತ್ತದೆ. ಉರಿಯುತ್ತಿದೆ ಎಂದು ಹೇಳಲಾಗದ ಹಸುಗೂಸು, ಹಾಸಿಗೆ ಹಿಡಿದ ಅಜ್ಜಿ, ಇವರನ್ನು ನೋಡಿಕೊಳ್ಳುವವರಿಗೆ ಅದರ ಬೆಲೆ ಗೊತ್ತು.

ಹಾಸಿಗೆ ಹಿಡಿದವರ ಮಾತು ಬಂದದ್ದರಿಂದ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಮೂತ್ರದಲ್ಲಿ ಬ್ಯಾಕ್ಟೀರಿಯ ಇದ್ದ ಮಾತ್ರಕ್ಕೆ ಕಾಯಿಲೆ ಇದೆಯೆಂದಲ್ಲ. ವಯಸ್ಸಾದ ಎಷ್ಟೋ ಜನರ ಮೂತ್ರದಲ್ಲಿ ಬ್ಯಾಕ್ಟೀರಿಯ ಯಾವ ತೊಂದರೆಯನ್ನೂ ಕೊಡದೆ ಇರುತ್ತದೆ. ಬಹಳ ದಿನ ನಳಿಕೆ ಹಾಕಿಕೊಂಡವರಲ್ಲಂತೂ ಇದ್ದೇ ಇರುತ್ತದೆ. ಉರಿ, ಜ್ವರ ಏನೂ ಇಲ್ಲದಿದ್ದರೆ ಅವರಿಗೆ ಆಂಟಿಬಯೋಟಿಕ್ ಕೊಡಬಾರದು ಎಂಬುದೇ ವೈದ್ಯರ ಇಂದಿನ ನಿಲುವು. ಗರ್ಭಿಣಿಯರ ಮಾತು ಬೇರೆ. ಅವರಿಗೆ ಯಾವ ಲಕ್ಷಣ ಇಲ್ಲದಿದ್ದರೂ ಚಿಕಿತ್ಸೆ ಬೇಕು, ಇಲ್ಲದಿದ್ದರೆ ಸೋಂಕು ಮೂತ್ರಪಿಂಡಕ್ಕೆ ಏರುವ ಅಪಾಯ ಹೆಚ್ಚು. ಮೂತ್ರದ ಹಾದಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲಿರುವವರಿಗೂ ಹಾಗೆಯೇ. ಬ್ಯಾಕ್ಟೀರಿಯವನ್ನು ಮಾತ್ರ ಹುಡುಕುವ, ಬಹು ಚುರುಕಾದ ಸಂವೇದಕವೊಂದು ಮನೆಮನೆಗೆ ಬಂತೆನ್ನಿ. ಆರಾಮಾಗಿರುವ ಅಜ್ಜಂದಿರ ಮೂತ್ರದಲ್ಲೂ ಅದು ಕೆಂಪು ದೀಪ ಹಚ್ಚುತ್ತದೆ. ಮಗ ಗಾಬರಿಬಿದ್ದು ಮಾತ್ರೆ ತರುತ್ತಾನೆ. ನಾವು ಯಾವ ರೋಗಕ್ಕೆ ಮದ್ದು ಹುಡುಕುತ್ತಿದ್ದೇವೋ ಅದನ್ನೇ ಬೆಳೆಸಿದಂತಾಗುತ್ತದೆ. ಅದಕ್ಕಾಗಿಯೇ ನನ್ನ ಅಭಿಪ್ರಾಯ ಹೀಗೆ: ಮೂತ್ರದ ಸಂವೇದಕ ಬ್ಯಾಕ್ಟೀರಿಯ ಇದೆಯೇ ಎಂಬುದರ ಜೊತೆಗೆ ದೇಹ ಅದರೊಡನೆ ಹೋರಾಡುತ್ತಿದೆಯೇ ಎಂಬುದನ್ನೂ ಒಂದೇ ಪಟ್ಟಿಯಲ್ಲಿ ಹೇಳಬೇಕು. ಎಲೆಕ್ಟ್ರೋಡಿನಲ್ಲಿ ಇದು ಸಾಧ್ಯ. ಒಂದೇ ಚಿಪ್ಪಿನ ಮೇಲೆ ಹದಿನಾರು ಸಂವೇದಕ ಇಡಬಹುದಾದರೆ ಅವುಗಳಲ್ಲಿ ಕೆಲವನ್ನು ಎನ್-ಗ್ಯಾಲ್‌ಗೆ, ಇಂಟರ್‌ಲ್ಯೂಕಿನ್‌ಗೆ ಮೀಸಲಿಡಬಹುದು.

ಯಾವ ಔಷಧ ಕೊಡಬೇಕು ಎಂಬ ಪ್ರಶ್ನೆ ಆಗಲೂ ಉಳಿಯುತ್ತದೆ. ನಿಜ ಹೇಳಬೇಕೆಂದರೆ ಅತಿ ಕಷ್ಟದ್ದು ಅದೇ. ರೈಬೋಸೋಮಿನ ಗುರುತು ಹಿಡಿದ ತಂಡವೇ ಅದಕ್ಕೂ ಒಂದು ಹಾದಿ ಹುಡುಕಿತು. ಮೂತ್ರವನ್ನು ಹಲವು ಪಾಲು ಮಾಡಿ, ಒಂದೊಂದಕ್ಕೆ ಒಂದೊಂದು ಆಂಟಿಬಯೋಟಿಕ್ ಬೆರೆಸಿ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಆರ್‌ಎನ್‌ಎ ಅಳೆದರು. ಔಷಧ ಇದ್ದೂ ಆರ್‌ಎನ್‌ಎ ಹೆಚ್ಚುತ್ತಲೇ ಹೋದರೆ ಆ ಬ್ಯಾಕ್ಟೀರಿಯ ಅದಕ್ಕೆ ಜಗ್ಗುವುದಿಲ್ಲ. 2011ರಲ್ಲಿ ಅವರು ತೋರಿಸಿದಂತೆ ಇದಕ್ಕೆ ಹಿಡಿದ ಸಮಯ ಮೂರೂವರೆ ಗಂಟೆ. ಇದೇ ಪ್ರಶ್ನೆಗೆ ಬ್ರಿಟನ್ನಿನಲ್ಲಿ 2014ರಲ್ಲಿ ಲಾಂಜಿಟ್ಯೂಡ್ ಎಂಬ ಬಹುಮಾನವನ್ನು ಸಾರಿದ್ದರು. ಹತ್ತು ವರ್ಷ ಕಳೆದು 2024ರ ಜೂನಿನಲ್ಲಿ 80 ಲಕ್ಷ ಪೌಂಡಿನ ಆ ಬಹುಮಾನ ಸ್ವೀಡನ್ನಿನ ಉಪ್ಸಲಾದಲ್ಲಿ ತಯಾರಾದ ಒಂದು ಮೂತ್ರಪರೀಕ್ಷೆಗೆ ಹೋಯಿತು. ಅರ್ಧ ಮಿಲಿಲೀಟರಿಗೂ ಕಡಿಮೆ ಮೂತ್ರದಲ್ಲಿ, ಮುಕ್ಕಾಲು ಗಂಟೆಯೊಳಗೆ, ಯಾವ ಔಷಧ ನಾಟುತ್ತದೆ ಎಂದು ಅದು ಹೇಳುತ್ತದೆ. ಆದರೆ ಅದು ನೋಡುವುದು ಬೆಳಕಿನಿಂದ. ಕೂದಲೆಳೆಗಿಂತ ಎಷ್ಟೋ ಕಿರಿದಾದ ಕಾಲುವೆಗಳಲ್ಲಿ ಬ್ಯಾಕ್ಟೀರಿಯಗಳನ್ನು ಸಾಲಾಗಿ ನಿಲ್ಲಿಸಿ, ಔಷಧ ಹರಿಸಿ, ಬೆಳೆಯುತ್ತಿವೆಯೋ ಇಲ್ಲವೋ ಎಂದು ಸೂಕ್ಷ್ಮದರ್ಶಕದಲ್ಲಿ ಗಮನಿಸುತ್ತದೆ. ಅದು ಅದ್ಭುತ ಸಾಧನೆ. ಆದರೆ ಸೂಕ್ಷ್ಮದರ್ಶಕವಿರುವ ಯಂತ್ರದ ಬೆಲೆ ಇಳಿಯುವುದು ನಿಧಾನ. ಬಟ್ಟೆಯ ಮೇಲೆ ಬಣ್ಣ ಒತ್ತುವಂತೆ ಪ್ಲಾಸ್ಟಿಕ್ಕಿನ ಮೇಲೆ ಇಂಗಾಲದ ಮಸಿ ಒತ್ತಿ ಎಲೆಕ್ಟ್ರೋಡ್ ತಯಾರಿಸುವ ವಿದ್ಯೆ ಅಗ್ಗವಾಗಿ ಬಹಳ ದಿನವಾಯಿತು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟಿಗೆ ನಾನು ನೆಚ್ಚಿಕೊಳ್ಳುವುದು ವಿದ್ಯುತ್ತನ್ನೇ.

ನೆಚ್ಚಿಕೊಂಡ ಮೇಲೆ ಕೇಳಬೇಕಾದ ಪ್ರಶ್ನೆಗಳನ್ನೂ ಕೇಳೋಣ. ಇಂಥ ಮೀಟರು ನಮ್ಮ ತಾಲ್ಲೂಕು ಆಸ್ಪತ್ರೆಗೆ ಬಂದ ದಿನ ಅದನ್ನು ಎಂಥ ಮೂತ್ರದಲ್ಲಿ ಪರೀಕ್ಷಿಸಿದ್ದಾರೆ ಎಂದು ವೈದ್ಯಾಧಿಕಾರಿಗಳು ವಿಚಾರಿಸಬೇಕು. ಪ್ರಯೋಗಾಲಯದಲ್ಲಿ ಶುದ್ಧ ದ್ರಾವಣಕ್ಕೆ ಬ್ಯಾಕ್ಟೀರಿಯ ಬೆರೆಸಿ ಪಡೆದ ಅಂಕಿಗಳು ಕಾಯಿಲೆಯವರ ಮೂತ್ರದಲ್ಲಿ ನಿಲ್ಲುವುದಿಲ್ಲ. ಕಲ್ಚರಿನ ಜೊತೆಗೇ ಹೋಲಿಸಿ, ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ಮಕ್ಕಳು ಎಲ್ಲರಲ್ಲೂ ನೋಡಿರಬೇಕು. ಪಟ್ಟಿಯ ಮೇಲೆ ಒಣಗಿಸಿಟ್ಟ ಪ್ರತಿಕಾಯ, ಕಿಣ್ವಗಳು ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲೂ ಆಗುಂಬೆಯ ಜುಲೈ ತೇವದಲ್ಲೂ ಎಷ್ಟು ತಿಂಗಳು ಬಾಳುತ್ತವೆ ಎಂಬುದು ಪೆಟ್ಟಿಗೆಯ ಮೇಲೆ ಬರೆದಿರಬೇಕು.

ಅಲ್ಲಿಯವರೆಗೆ ಕೇಳುಗರು ಮಾಡಬಹುದಾದದ್ದು ಒಂದಿದೆ. ವೈದ್ಯರು ಕಲ್ಚರ್ ಬರೆದುಕೊಟ್ಟರೆ ಆಂಟಿಬಯೋಟಿಕ್ಕಿನ ಮೊದಲ ಮಾತ್ರೆ ನುಂಗುವ ಮುಂಚೆಯೇ ಮೂತ್ರ ಕೊಡಿ. ನುಂಗಿದ ಮೇಲೆ ಕೊಟ್ಟರೆ ತಟ್ಟೆಯಲ್ಲಿ ಏನೂ ಬೆಳೆಯದೆ ಹೋಗಬಹುದು. ಶುಚಿ ಮಾಡಿಕೊಂಡು, ಮೊದಲು ಬರುವ ಮೂತ್ರವನ್ನು ಬಿಟ್ಟು, ನಡುವಿನದನ್ನು ಮಾತ್ರ ಡಬ್ಬಿಗೆ ಹಿಡಿಯಿರಿ. ಡಬ್ಬಿಯ ಒಳಗೆ ಬೆರಳು ತಾಗಿಸಬೇಡಿ. ಎರಡು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ, ಆಗದಿದ್ದರೆ ಫ್ರಿಜ್ಜಿನಲ್ಲಿಡಿ. ಕೋಣೆಯ ಬಿಸಿಯಲ್ಲಿ ಬಿಟ್ಟರೆ ಡಬ್ಬಿಯಲ್ಲೇ ಬ್ಯಾಕ್ಟೀರಿಯ ಹೆಚ್ಚಿ, ಇಲ್ಲದ ಸೋಂಕನ್ನು ಇದೆ ಎಂದು ತೋರಿಸುತ್ತದೆ. ನಾಳೆ ವಿದ್ಯುತ್ತಿನ ಪಟ್ಟಿ ಬಂದರೂ ಅದಕ್ಕೆ ಬೇಕಾಗುವುದು ಹೀಗೆ ಹಿಡಿದ ಮೂತ್ರವೇ.